ಘಣದ ಪೆಟ್ಟು, ಎಣ್ಣೆಯ ಒತ್ತು

ಯರಗಟ್ಟಿ ಸುತ್ತಿನ ಹಳ್ಳಿಗಳಲ್ಲಿ ಕಂಬಾರರ ಮನೆಗೆ ಕೆಲಸ ತಪ್ಪದು. ಬಿತ್ತಿಗೆಗೆ ಕುಂಟಿಯ ಕುಡ ಹಣಿಯಬೇಕು. ಕಳೆಗೆ ಕುರ್ಚಿಗಿ ಬೇಕು. ಸುಗ್ಗಿಗೆ ಕುಡಗೋಲು ಬೇಕು. ಕಬ್ಬಿಗೆ ಕೊಯ್ತಾ ಬೇಕು.

ಕುಲುಮೆಯ ಮುಂದೆ ಗಂಡ ಕೂಡುತ್ತಾನೆ. ಕಾದ ಕಬ್ಬಿಣವನ್ನು ಇಕ್ಕಳದಿಂದ ಹಿಡಿಯುತ್ತಾನೆ. ಘಣ ಎತ್ತಿ ಬಡಿಯುವವರು ಯಾರು? ಎಷ್ಟೋ ಮನೆಗಳಲ್ಲಿ ಹೆಂಡತಿಯೇ.

“ಏನ್ರೀ, ರಟ್ಟಿ ಸೋತ ಹೋಗ್ಯಾವ. ರಾತ್ರಿ ನಿದ್ದಿ ಹತ್ತವಲ್ದು.”

“ಏನ ಮಾಡೂದು? ಕಬ್ಬಿಣ ಆರಿದ್ರ ಬಗ್ಗೂದಿಲ್ಲ. ಬಡೀಬೇಕಲ್ಲ!”

“ಲಾರಿ ಗಾಲಿ ಬದಲಿ ಮಾಡೂ ಮುಂದ ಜ್ಯಾಕ್ ಹಚ್ತಾರಲ್ರೀ? ಒಬ್ಬ ಹುಡುಗ ಅಷ್ಟ ದೊಡ್ಡ ಲಾರಿ ಎತ್ತತಾನ. ಆ ಬಲ ನಮ್ಮ ಕುಲುಮಿಗೆ ಬರೂದಿಲ್ಲೇನ್ರೀ?”

ಅಕ್ಕಂದಿರೇ, ಆಕೆ ಕೇಳಿದ್ದು ಒಳ್ಳೆಯ ಪ್ರಶ್ನೆ. ಆ ಬಲ ಕುಲುಮೆಗೂ ಬರುತ್ತದೆ. ಎಣ್ಣೆಯ ಒತ್ತಡದಿಂದ ಕಬ್ಬಿಣ ಅಮುಕುವ ಯಂತ್ರವಿದೆ. ಅದಕ್ಕೆ ಹೈಡ್ರಾಲಿಕ್ ಪ್ರೆಸ್ ಎನ್ನುತ್ತಾರೆ.

ಎಣ್ಣೆಗೆ ಬಲ ಎಲ್ಲಿಂದ ಬಂತು?

ಎರಡು ಕೊಳವೆ ಇವೆ ಎನ್ನಿ. ಒಂದು ಸಣ್ಣದು, ಇನ್ನೊಂದು ದಪ್ಪನೆಯದು. ಎರಡಕ್ಕೂ ಕೆಳಗೆ ದಾರಿ ಇದೆ. ಒಳಗೆ ಎಣ್ಣೆ ತುಂಬಿದೆ. ಎರಡರ ಬಾಯಿಗೂ ಬಿಗಿಯಾದ ಬಿರಡೆ ಇದೆ. ದಪ್ಪ ಬಿರಡೆಯ ಮುಖದ ವಿಸ್ತೀರ್ಣ ಸಣ್ಣದರ 50 ಪಟ್ಟು.

ಸಣ್ಣ ಬಿರಡೆಯನ್ನು 10 ಕಿಲೋ ಬಲದಿಂದ ಒತ್ತಿರಿ. ಎಣ್ಣೆ ಕುಗ್ಗುವುದಿಲ್ಲ. ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನೆ ಹರಡುತ್ತದೆ. ದಪ್ಪ ಬಿರಡೆಯ ಮೇಲೆ 500 ಕಿಲೋ ಬಲ ಬೀಳುತ್ತದೆ!

ಆದರೆ ಬಲ ಪುಕ್ಕಟೆ ಬರುವುದಿಲ್ಲ. ಸಣ್ಣ ಬಿರಡೆ 50 ಬೆರಳು ಇಳಿದರೆ ದಪ್ಪದ್ದು ಒಂದೇ ಬೆರಳು ಏರುತ್ತದೆ.

ಈ ನಿಯಮವನ್ನು ಫ್ರಾನ್ಸ್ ದೇಶದ ಪ್ಯಾಸ್ಕಲ್ ತಿಳಿಸಿಕೊಟ್ಟ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಇದರಿಂದ ಪ್ರೆಸ್ ಮಾಡಿದ.

ಹಾಗಾದರೆ ಜ್ಯಾಕ್ ಸಾಕೇ?

ಸಾಲದು. ಕೈಜ್ಯಾಕಿಗೆ ಬಲ ಇದೆ, ವೇಗ ಇಲ್ಲ. ಹಿಡಿಕೆ ಹತ್ತಾರು ಸಲ ಒತ್ತುವಷ್ಟರಲ್ಲಿ ಕಬ್ಬಿಣ ಆರುತ್ತದೆ. ಕಿತ್ತಳೆ ಬಣ್ಣ ಇರುವಾಗಲೇ ಅಮುಕಬೇಕು. ಮಂಕು ಕೆಂಪಾದರೆ ಮತ್ತೆ ಬೆಂಕಿಗೆ ಹಾಕಬೇಕು.

ಅದಕ್ಕೇ ಮೋಟಾರು ಬೇಕು. ಪ್ರೆಸ್ಸಿನ ಮುಖ್ಯ ಭಾಗಗಳು ಇವು:

ಮೋಟಾರು ಮತ್ತು ಪಂಪು. ಹೊಲದ ಪಂಪಿಗೆ ಇರುವಂಥ 5 ಎಚ್.ಪಿ. ಮೋಟಾರು ಸಾಕು. ಅದು ಎಣ್ಣೆಯ ಪಂಪನ್ನು ತಿರುಗಿಸುತ್ತದೆ.

ಸಿಲಿಂಡರ್. ಇದೇ ದಪ್ಪ ಕೊಳವೆ. ಒಳಗಿನ ಅಗಲ ಹನ್ನೆರಡೂವರೆ ಸೆಂಟಿಮೀಟರ್ ಇರಲಿ. ಒಂದು ಚದರ ಸೆಂಟಿಮೀಟರಿಗೆ 200 ಕಿಲೋ ಒತ್ತಡ ಕೊಟ್ಟರೆ ಸುಮಾರು 24 ಟನ್ ಬಲ ಬರುತ್ತದೆ.

ಚೌಕಟ್ಟು. ಸಿಲಿಂಡರ್ ಕೆಳಗೆ ಎಷ್ಟು ಒತ್ತುತ್ತದೋ ಅಷ್ಟೇ ಬಲ ಚೌಕಟ್ಟನ್ನು ಹರಿಯಲು ನೋಡುತ್ತದೆ. ಆದ್ದರಿಂದ ದಪ್ಪ ಕಬ್ಬಿಣದ ತೊಲೆಗಳೇ ಬೇಕು. ವೆಲ್ಡಿಂಗ್ ಪಳಗಿದ ಕೈಯಿಂದಲೇ ಆಗಬೇಕು.

ವಾಲ್ವ್‌ಗಳು. ಒಂದು ವಾಲ್ವಿಗೆ ಹಿಡಿಕೆ ಇರುತ್ತದೆ. ಕೈ ಬಿಟ್ಟರೆ ಹಿಡಿಕೆ ತಾನೇ ನಡುವೆ ಬಂದು ಪ್ರೆಸ್ ನಿಲ್ಲಬೇಕು. ಇನ್ನೊಂದು ವಾಲ್ವ್, ಒತ್ತಡ ಮೀರಿದರೆ ಎಣ್ಣೆಯನ್ನು ಟಾಕಿಗೆ ವಾಪಸು ಬಿಡುತ್ತದೆ. ಅನ್ನದ ಕುಕ್ಕರಿನ ಸೀಟಿ ಇದ್ದ ಹಾಗೆ. ಇದಿಲ್ಲದ ಪ್ರೆಸ್ ಮುಟ್ಟಲೇಬೇಡಿ.

ಈ ಸಾಮಾನು ಹುಡುಕಿ ದೂರ ಹೋಗಬೇಕಿಲ್ಲ. ನಮ್ಮ ಬೆಳಗಾವಿಯೇ ಹೈಡ್ರಾಲಿಕ್ ಪಂಪು, ವಾಲ್ವ್ ತಯಾರಿಕೆಗೆ ಹೆಸರಾದ ಊರು. ಗುಜರಿಯಲ್ಲಿ ಹಳೆಯ ಸಿಲಿಂಡರ್ ಸಿಗಬಹುದು. ಆದರೆ ತಿಳಿದವರಿಂದ ಪರೀಕ್ಷೆ ಮಾಡಿಸದೆ ಜೋಡಿಸಬೇಡಿ.

ಎಚ್ಚರ! ಎಚ್ಚರ!

ಎಣ್ಣೆ ಸೋರುವುದನ್ನು ಕೈಯಿಂದ ಮುಟ್ಟಿ ನೋಡಬೇಡಿ. ರಟ್ಟಿನ ತುಂಡು ಹಿಡಿದು ನೋಡಿರಿ. ಸೂಜಿಯಷ್ಟು ತೂತಿನಿಂದ ಬರುವ ಎಣ್ಣೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೈ ಹೋಗಬಹುದು. ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿರಿ. “ಒತ್ತಡದ ಎಣ್ಣೆ ಒಳಗ ಹೊಕ್ಕೈತ್ರೀ” ಎಂದು ಡಾಕ್ಟರಿಗೆ ಹೇಳಿರಿ.

ಎಣ್ಣೆಯ ಪೈಪು ಕುಲುಮೆಯಿಂದ ದೂರ ಇರಲಿ. ಪೈಪಿಗೆ ತಗಡಿನ ಮರೆ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಬೇಡಿ, ಮರಳು ಹಾಕಿರಿ. ಮೋಟಾರಿಗೆ ಅರ್ತಿಂಗ್ ಮಾಡಿಸಿರಿ.

ಸೆರಗು ಬಿಗಿಯಾಗಿ ಕಟ್ಟಿರಿ. ಕಣ್ಣಿಗೆ ಕನ್ನಡಕ ಹಾಕಿರಿ. ಹದ ಮಾಡಿದ ಗಟ್ಟಿ ಕಬ್ಬಿಣವನ್ನು ತಣ್ಣಗಿರುವಾಗ ಪ್ರೆಸ್ಸಿಗೆ ಇಡಬೇಡಿ. ಅದು ಸಿಡಿದು ಹಾರುತ್ತದೆ. ಮಕ್ಕಳು ಹತ್ತಿರ ಬರಬಾರದು.

ಕೈಗೆ ಉಳಿಯುವ ಕೆಲಸ

ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕೊಯ್ತಾ ಮಾಡುತ್ತಾರಲ್ಲ? ಆ ದಪ್ಪ ಪಟ್ಟಿಯನ್ನು ತೆಳ್ಳಗೆ ಮಾಡುವುದೇ ಎಲ್ಲಕ್ಕಿಂತ ದಣಿವಿನ ಕೆಲಸ. ಅದನ್ನು ಪ್ರೆಸ್ ಮಾಡುತ್ತದೆ. ಅಂಚು ತೀಡುವುದು, ಬಾಗು ಕೊಡುವುದು, ಹದ ನೋಡುವುದು ಕೈಯ ಕೆಲಸವೇ. ಕಸುಬು ಹೋಗುವುದಿಲ್ಲ. ರಟ್ಟೆಯ ನೋವು ಕಡಿಮೆಯಾಗುತ್ತದೆ.

ಹಣ ಎಲ್ಲಿಂದ?

ಒಂದು ಮನೆಗೆ ಇದು ಭಾರ. ಮೂರು ನಾಲ್ಕು ಮನೆಯವರು ಕೂಡಿದರೆ ಆದೀತು. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿ.ಎಂ. ವಿಶ್ವಕರ್ಮ ಯೋಜನೆ ಶುರು ಮಾಡಿತು. ಅದರ 18 ಕಸುಬುಗಳಲ್ಲಿ ಕಂಬಾರಿಕೆಯೂ ಒಂದು. ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೊದಲು 1 ಲಕ್ಷದವರೆಗೆ ಶೇಕಡಾ 5ರ ಬಡ್ಡಿಯ ಸಾಲ ಅದರಲ್ಲಿವೆ. ಈಗ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂದು ಗ್ರಾಮ ಪಂಚಾಯ್ತಿಯಲ್ಲಿ ಕೇಳಿರಿ.

ಒಂದು ಮಾತು ನೆನಪಿಡಿ. ಈ ಯೋಜನೆ ಮನೆಗೆ ಒಬ್ಬರಿಗೆ ಮಾತ್ರ. ಅರ್ಜಿಯಲ್ಲಿ ಯಾರ ಹೆಸರು ಬರೆಯಬೇಕು? ಘಣ ಬಡಿದವಳೂ ಕಂಬಾರಳೇ. ಈಗ ಆಕೆಗೆ ತನ್ನ ಹೆಸರು ಬರೆಯಲು ಬರುತ್ತದೆ.

ಕೂಡಿ ಮಾತಾಡೋಣ

1. ನಿಮ್ಮ ಊರಿನ ಕುಲುಮೆಯಲ್ಲಿ ಘಣ ಬಡಿಯುವವರು ಯಾರು?
2. ಕೈಜ್ಯಾಕ್ ಕುಲುಮೆಗೆ ಏಕೆ ಸಾಲದು?
3. ಎಣ್ಣೆ ಸೋರಿದರೆ ಏನು ಮಾಡಬಾರದು?
4. ಅರ್ಜಿಯಲ್ಲಿ ಯಾರ ಹೆಸರು ಬರೆಯಬೇಕು? ಮನೆಯಲ್ಲಿ ಕುಳಿತು ಮಾತಾಡಿರಿ.