ಗಲ್ಲಾದ ಕಂಪ್ಯೂಟರಿಗೆ ಯಾವ ಲಿನಕ್ಸ್?

ಮಲ್ಕಾಜ್‌ಗಿರಿಯ ಹೋಟೆಲುಗಳಲ್ಲಿ ಮುಂಜಾನೆಯ ಇಡ್ಲಿ ಬೇಯುವ ಹೊತ್ತಿಗೆ ಗಲ್ಲಾದ ಕಂಪ್ಯೂಟರು ಕೈಕೊಟ್ಟರೆ ಉಂಟಾಗುವ ಫಜೀತಿಯನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ. ಗಿರಾಕಿಗಳು ಬಿಲ್ಲಿಗಾಗಿ ಕಾದು ನಿಲ್ಲುತ್ತಾರೆ. ಯಜಮಾನರ ಬಿರುನುಡಿ ಕೇಳಬೇಕಾದವನು ಗಲ್ಲಾದಲ್ಲಿ ಕುಳಿತ ಗುಮಾಸ್ತ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಡುವ ಸಲಕರಣೆ ಹಳೆಯ ಯಂತ್ರಗಳಲ್ಲಿ ಅನೇಕಕ್ಕೆ ಇಲ್ಲ. ಹೊಸ ಯಂತ್ರದ ಖರ್ಚಿಗೆ ಹೆದರಿ, ಉಚಿತವಾಗಿ ದೊರೆಯುವ ಲಿನಕ್ಸಿನತ್ತ ತಿರುಗಿದವರಿಗೆ ಎದುರಾಗುವ ಮೊದಲ ತೊಡಕೆಂದರೆ, ಲಿನಕ್ಸ್ ಒಂದಲ್ಲ, ನೂರಾರು. ಒಂದೇ ತಿರುಳಿನ ಸುತ್ತ ಬೇರೆ ಬೇರೆ ಮಂದಿ ಕಟ್ಟಿಕೊಟ್ಟ ಈ ರೂಪಗಳಿಗೆ ವಿತರಣೆಗಳೆಂದು ಹೆಸರು.

ಆರಿಸುವಾಗ ಅಂದಚಂದಕ್ಕೆ ಮರುಳಾಗದೆ ಎರಡು ಪ್ರಶ್ನೆಗಳನ್ನು ಕೇಳುವುದು ಲೇಸೆಂದು ನಮ್ಮ ಅಭಿಪ್ರಾಯ. ಇದರ ದುರಸ್ತಿ ಎಷ್ಟು ವರ್ಷ ನಡೆಯುತ್ತದೆ? ಮುಂದಿನ ಆವೃತ್ತಿಗೆ ಹೋಗುವ ಶ್ರಮ ಎಷ್ಟು ದಿನಗಳಿಗೊಮ್ಮೆ ಬರುತ್ತದೆ? ಫೆಡೋರಾದ ಹೊಸ ಆವೃತ್ತಿ ಸುಮಾರು ಆರು ತಿಂಗಳಿಗೊಮ್ಮೆ ಹೊರಡುತ್ತದೆ. ಪ್ರತಿಯೊಂದರ ಆಯುಷ್ಯ ಸುಮಾರು 13 ತಿಂಗಳು. ಆರ್ಚ್‌ಗೆ ಆವೃತ್ತಿಗಳೇ ಇಲ್ಲ. ಅದು ಸದಾ ಬದಲಾಗುತ್ತಲೇ ಇರುತ್ತದೆ. ಬಲ್ಲವರಿಗೆ ಇವು ಸೊಗಸು; ಬೆಳಿಗ್ಗೆ ಐದಕ್ಕೆ ಬಾಗಿಲು ತೆರೆಯುವವರಿಗಲ್ಲ.

ಇದಕ್ಕೆ ಪ್ರತಿಯಾಗಿ ಡೆಬಿಯನ್ನಿನ ಸ್ಥಿರ ಆವೃತ್ತಿ ಸುಮಾರು ಎರಡು ವರ್ಷಕ್ಕೊಮ್ಮೆ ಬಂದು, ಒಟ್ಟು ಐದು ವರ್ಷ ದುರಸ್ತಿ ಪಡೆಯುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೂ ಐದು ವರ್ಷ. 2024ರಲ್ಲಿ ಬಂದ ಲಿನಕ್ಸ್ ಮಿಂಟ್ 22, ಉಬುಂಟು 24.04ರ ಮೇಲೆ ನಿಂತಿದ್ದು, 2029ರವರೆಗೆ ನಡೆಯುತ್ತದೆ. ವಿಂಡೋಸ್ ಬಳಸಿ ರೂಢಿಯಾದವರಿಗೆ ಇದು ಹತ್ತಿರದ್ದು.

ಕಾಸರಗೋಡಿನ ಕನ್ನಡ ಶಾಲೆಗಳ ದೃಷ್ಟಾಂತವೂ ನಮ್ಮ ಮುಂದಿದೆ. ಕೇರಳದ ಶಾಲೆಗಳಿಗಾಗಿ ಅಲ್ಲಿನ ಕೈಟ್ ಸಂಸ್ಥೆ ಸಿದ್ಧಪಡಿಸಿದ ಕೈಟ್ ಗ್ನೂ ಲಿನಕ್ಸ್ 22.04 ಸಹ ಉಬುಂಟುವಿನ ದೀರ್ಘಾವಧಿ ಆವೃತ್ತಿಯನ್ನೇ ಆಧರಿಸಿದೆ. ಪಾಠ ಹೇಳಬೇಕಾದ ಮೇಷ್ಟರು ದಿನವೂ ಯಂತ್ರದ ಮುಂದೆ ಕುಳಿತು ದುರಸ್ತಿ ಮಾಡಲಾರರಷ್ಟೆ! ಗುಮಾಸ್ತನ ಪಾಡೂ ಅದೇ.

ಆದರೆ ಮಾತು ಕೊಟ್ಟವರೆಲ್ಲ ಉಳಿಸಿಕೊಳ್ಳುತ್ತಾರೆಂದಲ್ಲ. 2029ರವರೆಗೆ ನಡೆಯಬೇಕಿದ್ದ ಸೆಂಟ್‌ಓಎಸ್ 8ರ ಬೆಂಬಲವನ್ನು 2021ರ ಡಿಸೆಂಬರಿನಲ್ಲಿಯೇ ನಿಲ್ಲಿಸಲಾಯಿತು. ಆದುದರಿಂದ ಯಾವುದನ್ನು ಆರಿಸಿದರೂ ಲೆಕ್ಕಪತ್ರಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ. ಮಿಂಟಿನೊಡನೆ ಬರುವ ಟೈಮ್‌ಶಿಫ್ಟ್ ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ತರುತ್ತದೆಯೇ ಹೊರತು, ತಾನಾಗಿ ನಿಮ್ಮ ಲೆಕ್ಕಗಳನ್ನು ಕಾಯುವುದಿಲ್ಲ.

ಬಿಲ್ಲಿನ ತಂತ್ರಾಂಶ ಲಿನಕ್ಸಿನಲ್ಲಿ ನಡೆಯುವುದೋ ಎಂದು ಮೊದಲೇ ವಿಚಾರಿಸಬೇಕು. ನಡೆಯದಿದ್ದರೆ ಅವಸರ ಬೇಡ. ಪೆನ್‌ಡ್ರೈವಿನಿಂದಲೇ ಲಿನಕ್ಸ್ ಚಾಲೂ ಮಾಡಿ, ಬಿಲ್ಲಿನ ಪ್ರಿಂಟರು ಮಾತು ಕೇಳುವುದೋ ಎಂದು ಪರೀಕ್ಷಿಸಬಹುದು. ಹೊಸ ಆವೃತ್ತಿ ಬಂದ ದಿನವೇ ಏರುವ ಆತುರವೂ ಸಲ್ಲದು. ಮೊದಲ ತಿದ್ದುಪಡಿ ಬರುವವರೆಗೆ ಕಾದು, ರಜೆಯ ದಿನ ನೋಡಿ ಮುಂದುವರಿಯುವುದು ಜಾಣತನ. ಸದ್ದಿಲ್ಲದೆ ದುಡಿಯುವ ಯಂತ್ರವೇ ಗಲ್ಲಾಕ್ಕೆ ಒಪ್ಪುವ ಯಂತ್ರ.