ಸಮವಸ್ತ್ರ ತೊಟ್ಟ ದಿನಗಳ ಸಂಬಳ

ಅಮೆರಿಕದ ಸೇನಾಪಡೆಗಳಲ್ಲಿ ಪೂರ್ಣಾವಧಿ ಯೋಧರ ಜೊತೆಗೆ ಏಳು ಲಕ್ಷಕ್ಕೂ ಹೆಚ್ಚು ಮೀಸಲು ಸಿಬ್ಬಂದಿ ಇದ್ದಾರೆ. ನ್ಯಾಷನಲ್ ಗಾರ್ಡ್ ಎಂಬ ರಾಜ್ಯವಾರು ಪಡೆಯವರೂ ಇದರಲ್ಲಿ ಸೇರಿದ್ದಾರೆ. ಇವರಲ್ಲಿ ಬಹುಪಾಲು ಜನ ವಾರವಿಡೀ ಬೇರೆ ಕಡೆ ದುಡಿಯುವವರು: ಶಿಕ್ಷಕರು, ದಾದಿಯರು, ಪೈಲಟ್‌ಗಳು, ಪೊಲೀಸರು, ಲಾರಿ ಚಾಲಕರು, ಸಾಫ್ಟ್‌ವೇರ್ ಎಂಜಿನಿಯರ್‌ಗಳು. ತಿಂಗಳಿಗೆ ಒಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ತರಬೇತಿ ಎಂಬುದು ಇವರ ಹಳೆಯ ಲೆಕ್ಕ. 2001ರ ಸೆಪ್ಟೆಂಬರ್ ದಾಳಿಯ ನಂತರ ಆ ಲೆಕ್ಕ ಕೆಟ್ಟಿತು. ಇರಾಕ್, ಅಫ್ಘಾನಿಸ್ತಾನಗಳಿಗೆ ಇವರನ್ನು ತಿಂಗಳುಗಟ್ಟಲೆ, ಕೆಲವರನ್ನು ಮತ್ತೆ ಮತ್ತೆ, ಕರೆಸಿಕೊಳ್ಳಲಾಯಿತು. ಹೀಗೆ ಕರೆ ಬಂದು ಹೊರಟವರ ಕೆಲಸ ಉಳಿಯುತ್ತದೆಯೇ, ಸಂಬಳ ಯಾರು ಕೊಡಬೇಕು, ಆರೋಗ್ಯ ವಿಮೆ, ಪಿಂಚಣಿ, ಬಡ್ತಿಗಳ ಗತಿ ಏನು ಎಂಬುದಕ್ಕೆ ಆ ದೇಶ ಎಂಟು ದಶಕಗಳಿಂದ ಕಾನೂನು ಕಟ್ಟುತ್ತ ಬಂದಿದೆ. ಕೆಲಸ ಉಳಿಸಿಕೊಡುವ ಹೊಣೆಯನ್ನು ಈ ಕಾನೂನು ಮಾಲೀಕರ ಮೇಲೆ ಕಟ್ಟುನಿಟ್ಟಾಗಿ ಹೊರಿಸಿದೆ. ಸಂಬಳದ ವಿಷಯವನ್ನು ಮಾತ್ರ ಬಹುಮಟ್ಟಿಗೆ ಅವರ ಮನಸ್ಸಿಗೆ ಬಿಟ್ಟುಬಿಟ್ಟಿದೆ.

ಇದರ ಬೇರು 1940ರ ಕಡ್ಡಾಯ ಸೈನಿಕ ಸೇವೆಯ ಕಾಯ್ದೆಯಲ್ಲಿದೆ. ಎರಡನೆಯ ಮಹಾಯುದ್ಧಕ್ಕೆ ಅಮೆರಿಕ ಇನ್ನೂ ಇಳಿದಿರಲಿಲ್ಲ. ಯುವಕರನ್ನು ಸೇನೆಗೆ ಎಳೆದುಕೊಂಡ ಆ ಕಾಯ್ದೆಯೇ, ಸೇವೆ ಮುಗಿಸಿದ 40 ದಿನಗಳೊಳಗೆ ಬಂದು ಕೇಳಿದವರಿಗೆ ಹಳೆಯ ಕೆಲಸ ಮರಳಿ ಕೊಡಬೇಕೆಂದೂ ಹೇಳಿತು. ಮರಳಿ ಕೊಡುವುದೆಂದರೆ ಎಷ್ಟು ಕೊಡುವುದು ಎಂಬ ಪ್ರಶ್ನೆ 1946ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಬ್ರೂಕ್ಲಿನ್‌ನ ಹಡಗು ದುರಸ್ತಿ ಕಾರ್ಖಾನೆಯ ವೆಲ್ಡರ್ ಫಿಶ್‌ಗೋಲ್ಡ್ ಸೇನೆಯಿಂದ ಮರಳಿ ಕೆಲಸಕ್ಕೆ ಸೇರಿದ್ದರು. 1945ರಲ್ಲಿ ಕೆಲಸ ಕಡಿಮೆ ಇದ್ದ ಕೆಲವು ದಿನ ಅವರನ್ನು ಮನೆಗೆ ಕಳಿಸಿ, ಸೇನೆಗೆ ಹೋಗದಿದ್ದರೂ ಸೇವೆಯಲ್ಲಿ ಅವರಿಗಿಂತ ಹಿರಿಯರಾಗಿದ್ದವರಿಗೆ ಕೆಲಸ ಕೊಡಲಾಯಿತು. ವೆಲ್ಡರ್ ಮೊಕದ್ದಮೆ ಹೂಡಿದರು, ಮತ್ತು ಸೋತರು. ಸೇನೆಗೆ ಹೋಗಿ ಬಂದ ಮಾತ್ರಕ್ಕೆ ಹಿರಿಯರನ್ನು ಹಿಂದಿಕ್ಕುವ ಹಕ್ಕು ಬರುವುದಿಲ್ಲ ಎಂದಿತು ಕೋರ್ಟ್. ಆದರೆ ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಮುಂದಿನ ಎಲ್ಲ ಕಾನೂನಿಗೂ ಅಡಿಗಲ್ಲಾದ ಮಾತೊಂದನ್ನು ಬರೆದರು. ಸೇವಾ ಹಿರಿತನವೆಂಬುದು ಮೇಲಕ್ಕೆ ಚಲಿಸುತ್ತಲೇ ಇರುವ ಎಸ್ಕಲೇಟರ್. ಮರಳಿ ಬಂದವರು ತಾವು ಇಳಿದ ಮೆಟ್ಟಿಲನ್ನಲ್ಲ, ಇಳಿಯದೇ ಇದ್ದಿದ್ದರೆ ಆ ಹೊತ್ತಿಗೆ ತಲುಪಿರುತ್ತಿದ್ದ ಮೆಟ್ಟಿಲನ್ನು ಏರಬೇಕು ಎಂಬುದು ಅದರ ತಿರುಳು. ಕಾರ್ಮಿಕ ಕಾನೂನಿನಲ್ಲಿ ಇಷ್ಟು ಸರಳವೂ ನ್ಯಾಯವೂ ಆದ ವಿಚಾರಗಳು ಹೆಚ್ಚಿಲ್ಲ.

ಈಗ ಜಾರಿಯಲ್ಲಿರುವುದು 1994ರ ಅಕ್ಟೋಬರ್ 13ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕಾಯ್ದೆ. ಅದರ ಉದ್ದ ಹೆಸರನ್ನು ಮೊಟಕುಗೊಳಿಸಿ ಎಲ್ಲರೂ ಯೂಸೆರಾ ಎನ್ನುತ್ತಾರೆ. ಇಲ್ಲಿ ಸಂಸ್ಥೆಯ ಗಾತ್ರ ಲೆಕ್ಕಕ್ಕಿಲ್ಲ. ಸಾವಿರಾರು ನೌಕರರ ವಿಮಾನ ಕಂಪನಿಗೂ, ಒಬ್ಬನೇ ಕೆಲಸಗಾರನಿರುವ ಅಂಗಡಿಗೂ, ಸರ್ಕಾರಿ ಇಲಾಖೆಗೂ ನಿಯಮ ಒಂದೇ. ಅಮೆರಿಕದಲ್ಲಿ ಸಣ್ಣ ಉದ್ಯಮ ನಡೆಸುವ ಕನ್ನಡಿಗರಿಗೂ ಇದು ಅನ್ವಯಿಸುತ್ತದೆ. ಗ್ರೀನ್ ಕಾರ್ಡ್ ಇದ್ದವರೂ ಸೇನೆ ಸೇರಬಹುದಾದ್ದರಿಂದ, ನೌಕರನ ಸ್ಥಾನದಲ್ಲೂ ಕನ್ನಡಿಗರು ಇರಬಹುದು.

ಕರೆ ಬಂದಾಗ ನೌಕರ ಮಾಲೀಕರಿಗೆ ಮುಂಚಿತವಾಗಿ ತಿಳಿಸಬೇಕು, ಬಾಯಿಮಾತಿನಲ್ಲಿ ಹೇಳಿದರೂ ಸಾಕು. ಇದು ತಿಳಿಸುವುದೇ ಹೊರತು ಅನುಮತಿ ಕೇಳುವುದಲ್ಲ. ಬದಲಿ ಆಳನ್ನು ಹುಡುಕಿಕೊಟ್ಟು ಹೋಗು ಎನ್ನುವಂತಿಲ್ಲ, ಗಳಿಕೆ ರಜೆ ಹಾಕಿಕೊಂಡು ಹೋಗು ಎಂದು ಒತ್ತಾಯಿಸುವಂತಿಲ್ಲ. ಸಂಬಳ ತಪ್ಪದಿರಲಿ ಎಂದು ನೌಕರ ತಾನಾಗಿಯೇ ಕೂಡಿಟ್ಟ ರಜೆ ಬಳಸಿಕೊಳ್ಳಬಹುದು. ಒಬ್ಬ ಮಾಲೀಕರ ಬಳಿ ಇರುವಾಗ ಒಟ್ಟು ಐದು ವರ್ಷದವರೆಗಿನ ಸೇವೆಗೆ ಈ ರಕ್ಷಣೆ ಸಿಗುತ್ತದೆ. ವಾರ್ಷಿಕ ತರಬೇತಿಯೂ, ಯುದ್ಧ ಅಥವಾ ರಾಷ್ಟ್ರೀಯ ತುರ್ತು ಸ್ಥಿತಿಯಲ್ಲಿ ಬರುವ ಕಡ್ಡಾಯ ಕರೆಗಳೂ ಆ ಐದು ವರ್ಷದ ಲೆಕ್ಕಕ್ಕೆ ಬರುವುದಿಲ್ಲ.

ಮರಳಿ ಹಾಜರಾಗುವ ಗಡುವು ಸೇವೆಯ ಉದ್ದಕ್ಕೆ ತಕ್ಕಂತೆ ಹಿಗ್ಗುತ್ತದೆ. ಸೇವೆ 30 ದಿನದೊಳಗಿದ್ದರೆ, ಸುರಕ್ಷಿತವಾಗಿ ಮನೆ ತಲುಪಿ ಎಂಟು ತಾಸು ವಿಶ್ರಾಂತಿ ಪಡೆದ ಮೇಲಿನ ಮೊದಲ ಪಾಳಿಗೆ ಹೋಗಬೇಕು. 31ರಿಂದ 180 ದಿನದ ಸೇವೆಯಾದರೆ 14 ದಿನದೊಳಗೆ, ಅದಕ್ಕೂ ಮೀರಿದರೆ 90 ದಿನದೊಳಗೆ ಕೆಲಸಕ್ಕೆ ಅರ್ಜಿ ಹಾಕಬೇಕು. ಗಾಯಗೊಂಡು ಚೇತರಿಸಿಕೊಳ್ಳುತ್ತಿರುವವರಿಗೆ ಎರಡು ವರ್ಷದವರೆಗೆ ಸಮಯವಿದೆ. ಸೇವೆ 90 ದಿನ ದಾಟದಿದ್ದರೆ ತಲುಪಬೇಕಿದ್ದ ಹುದ್ದೆಯನ್ನೇ ಕೊಡಬೇಕು. ದಾಟಿದ್ದರೆ ಅದಕ್ಕೆ ಸಮನಾದ ಹಿರಿತನ, ಸ್ಥಾನಮಾನ, ಸಂಬಳದ ಬೇರೆ ಹುದ್ದೆಯೂ ನಡೆಯುತ್ತದೆ. ಆ ಜಾಗಕ್ಕೆ ಬೇರೊಬ್ಬರನ್ನು ನೇಮಿಸಿಕೊಂಡಾಗಿದೆ ಎಂಬ ನೆಪ ನಡೆಯದು. ಮರಳಿದವರನ್ನು ಸ್ವಲ್ಪ ದಿನ ಇಟ್ಟುಕೊಂಡು ಹೊರಹಾಕುವ ಚಾಳಿಗೂ ತಡೆಯಿದೆ: 180 ದಿನ ಮೀರಿದ ಸೇವೆಯಿಂದ ಬಂದವರನ್ನು ಒಂದು ವರ್ಷ, 31ರಿಂದ 180 ದಿನದ ಸೇವೆಯವರನ್ನು 180 ದಿನ ಸರಿಯಾದ ಕಾರಣವಿಲ್ಲದೆ ವಜಾ ಮಾಡುವಂತಿಲ್ಲ.

ಎಸ್ಕಲೇಟರ್ ತತ್ವ ನಿಜವಾಗಿ ಕೆಲಸ ಮಾಡುವುದು ಸಣ್ಣ ಸಂಗತಿಗಳಲ್ಲಿ. ಸಾರ್ಜೆಂಟ್ ಹುದ್ದೆಯ ಬಡ್ತಿ ಪರೀಕ್ಷೆ ನಡೆದಾಗ ಪೊಲೀಸ್ ಪೇದೆಯೊಬ್ಬರು ಕುವೈತ್‌ನಲ್ಲಿದ್ದರು ಎಂದುಕೊಳ್ಳಿ. ಮರಳಿದ ಮೇಲೆ ಮುಂದಿನ ಪರೀಕ್ಷೆಯವರೆಗೆ ಕಾಯಿರಿ ಎಂದು ಇಲಾಖೆ ಹೇಳುವಂತಿಲ್ಲ. ಕೆಲಸಕ್ಕೆ ಹೊಂದಿಕೊಳ್ಳಲು ಒಂದಿಷ್ಟು ಸಮಯ ಕೊಟ್ಟು, ಅವರೊಬ್ಬರಿಗಾಗಿಯೇ ಪರೀಕ್ಷೆ ನಡೆಸಬೇಕು. ಅವರು ಆಗಲೇ ಬರೆದಿದ್ದರೆ ಬಡ್ತಿ ಸಿಗುತ್ತಿತ್ತು ಎಂದು ಕಂಡುಬಂದರೆ, ಬಡ್ತಿಯನ್ನು ಅಂದಿನ ದಿನಾಂಕದಿಂದಲೇ ಜಾರಿಗೊಳಿಸಬೇಕು. ಸಂಬಳ ಏರಿಕೆ, ಹಿರಿತನದ ಪಟ್ಟಿ ಎರಡೂ ಆ ದಿನಾಂಕಕ್ಕೆ ಹೊಂದಿಕೊಳ್ಳುತ್ತವೆ. ಎಸ್ಕಲೇಟರ್ ಕೆಳಕ್ಕೂ ಇಳಿಯಬಹುದು ಎಂಬುದನ್ನು ಮರೆಯುವಂತಿಲ್ಲ. ನೌಕರ ದೂರವಿದ್ದಾಗ ಇಡೀ ವಿಭಾಗವೇ ಮುಚ್ಚಿದ್ದರೆ, ಊರಲ್ಲೇ ಇದ್ದರೂ ಕೆಲಸ ಹೋಗುತ್ತಿತ್ತು ಎಂದು ಮಾಲೀಕರು ಸಾಬೀತುಪಡಿಸಿದರೆ, ಮರುನೇಮಕದ ಹಕ್ಕು ಉಳಿಯುವುದಿಲ್ಲ.

ಪಿಂಚಣಿಯಲ್ಲಿ ಈ ತತ್ವಕ್ಕೆ ಪೂರ್ಣ ಬಲವಿದೆ. ಸೇವೆಯ ಅವಧಿಯನ್ನು ಕೆಲಸ ಮಾಡಿದ ಅವಧಿಯೆಂದೇ ಎಣಿಸಿ ಮಾಲೀಕರು ತಮ್ಮ ಪಾಲನ್ನು ತುಂಬಬೇಕು. ನೌಕರನ ವಂತಿಗೆಯೂ ಸೇರುವ ಯೋಜನೆಯಾದರೆ, ಬಾಕಿಯನ್ನು ಸೇವಾವಧಿಯ ಮೂರು ಪಟ್ಟು ಸಮಯದಲ್ಲಿ, ಗರಿಷ್ಠ ಐದು ವರ್ಷದಲ್ಲಿ, ತುಂಬಿಕೊಳ್ಳಬಹುದು. ತುಂಬಿದಷ್ಟಕ್ಕೆ ಮಾಲೀಕರ ಪಾಲೂ ಸೇರುತ್ತದೆ. ಆರೋಗ್ಯ ವಿಮೆಯನ್ನು 24 ತಿಂಗಳವರೆಗೆ ಮುಂದುವರಿಸಬಹುದು. ಆದರೆ ಸೇವೆ 30 ದಿನ ಮೀರಿದರೆ ಮಾಲೀಕರು ತಮ್ಮ ಪಾಲು ಕೊಡಬೇಕಾಗಿಲ್ಲ. ಪೂರ್ಣ ಪ್ರೀಮಿಯಂನ ಶೇ. 102ರವರೆಗೆ ನೌಕರನಿಂದಲೇ ವಸೂಲು ಮಾಡಬಹುದು. ಅಷ್ಟು ದೀರ್ಘ ಕರೆಯಲ್ಲಿ ಕುಟುಂಬಕ್ಕೆ ಸೇನೆಯ ಟ್ರೈಕೇರ್ ವಿಮೆ ಸಿಗುವುದರಿಂದ ಅನೇಕರು ಅದಕ್ಕೆ ಬದಲಾಗುತ್ತಾರೆ. ಹಾಗೆ ಬದಲಾದಾಗ ಮಗುವಿನ ವೈದ್ಯರು ಹೊಸ ವಿಮೆಯ ಪಟ್ಟಿಯಲ್ಲಿ ಇಲ್ಲದಿದ್ದರೆ ತೊಂದರೆ ಮನೆಯಲ್ಲಿ ಉಳಿದವರಿಗೆ. ಮರಳಿ ಬಂದಾಗ ಹಳೆಯ ವಿಮೆಯನ್ನು ಕಾಯುವ ಅವಧಿಯಿಲ್ಲದೆ ಕೂಡಲೇ ಕೊಡಬೇಕೆಂಬ ನಿಯಮವಿದೆ.

ಇನ್ನು ಸಂಬಳ. ಯೂಸೆರಾ ಪ್ರಕಾರ ಸೇನಾಸೇವೆಯ ಅವಧಿ ಸಂಬಳವಿಲ್ಲದ ರಜೆಗೆ ಸಮಾನ. ಸೇನೆ ತನ್ನ ದರ್ಜೆಗೆ ತಕ್ಕ ವೇತನ ಕೊಡುತ್ತದೆ, ಮನೆಯ ಖರ್ಚು ಮಾತ್ರ ಹಳೆಯ ಸಂಬಳದ ಮೇಲೆ ನಿಂತಿರುತ್ತದೆ. ತಿಂಗಳಿಗೆ 6,000 ಡಾಲರ್ ದುಡಿಯುತ್ತಿದ್ದವರಿಗೆ ಸೇನೆಯಲ್ಲಿ 4,200 ಡಾಲರ್ ಸಿಕ್ಕರೆ, ತಿಂಗಳಿಗೆ 1,800 ಡಾಲರ್ ಖೋತಾ. ವರ್ಷಕ್ಕೆ ಅದು 21,600 ಡಾಲರ್. ಗೃಹಸಾಲದ ಕಂತು, ಕಾರಿನ ಕಂತು ಕಾಯುವುದಿಲ್ಲ. ಸೇವೆಗೆ ಮುಂಚೆ ಮಾಡಿದ ಸಾಲದ ಬಡ್ಡಿ ಶೇ. 6 ಮೀರದಂತೆ 2003ರ ಇನ್ನೊಂದು ಕಾಯ್ದೆ ತಡೆಯುತ್ತದೆ ಎಂಬುದು ಸ್ವಲ್ಪ ಆಸರೆ. ಸೇನೆಯ ದರ್ಜೆ ದೊಡ್ಡದಾಗಿದ್ದು ಊರಿನ ಕೆಲಸ ಸಣ್ಣದಾಗಿದ್ದರೆ ಕರೆ ಬಂದಾಗ ಆದಾಯ ಹೆಚ್ಚುವುದೂ ಉಂಟು. ಸ್ವಂತ ಉದ್ಯೋಗದವರಿಗೆ, ಪರಿಣತ ವೃತ್ತಿಯವರಿಗೆ ಹೊಡೆತ ಹೆಚ್ಚು.

ಈ ಖೋತಾವನ್ನು ತುಂಬಿಕೊಡುವುದೇ ವ್ಯತ್ಯಾಸ ವೇತನ. ದೊಡ್ಡ ಕಂಪನಿಗಳು ಹಲವು ಇದನ್ನು ತಾವಾಗಿಯೇ ಕೊಡುತ್ತವೆ. ಕೆಲವು ಕಡೆ ಕೆಲವು ವಾರದ ಪೂರ್ಣ ಸಂಬಳ, ಕೆಲವು ಕಡೆ ವರ್ಷವಿಡೀ ವ್ಯತ್ಯಾಸ, ಕೆಲವು ಕಡೆ ಏನೂ ಇಲ್ಲ. 2008ರ ಹಾರ್ಟ್ ಕಾಯ್ದೆ, 30 ದಿನ ಮೀರಿದ ಸೇವೆಗೆ ಕೊಡುವ ಈ ಹಣವನ್ನು ಆದಾಯ ತೆರಿಗೆಯ ಮಟ್ಟಿಗೆ ಸಂಬಳವೆಂದೇ ಪರಿಗಣಿಸಿ ಗೊಂದಲ ನೀಗಿಸಿತು. ಕೊಡುವ ಮಾಲೀಕರಿಗೆ ಶೇ. 20ರಷ್ಟು ತೆರಿಗೆ ರಿಯಾಯಿತಿಯನ್ನೂ ತಂದಿತು. ಮೊದಲು ಸಣ್ಣ ಸಂಸ್ಥೆಗಳಿಗಷ್ಟೇ ಇದ್ದ ರಿಯಾಯಿತಿ 2016ರಿಂದ ಎಲ್ಲರಿಗೂ ಸಿಗುತ್ತದೆ. ಆದರೆ ಒಬ್ಬ ನೌಕರನಿಗೆ ವರ್ಷಕ್ಕೆ 20,000 ಡಾಲರ್‌ವರೆಗಿನ ಮೊತ್ತಕ್ಕೆ ಮಾತ್ರ ಲೆಕ್ಕ. ಮೇಲಿನ ಉದಾಹರಣೆಯಲ್ಲಿ ಮಾಲೀಕರು 21,600 ಡಾಲರ್ ಕೊಟ್ಟರೆ ಅವರಿಗೆ ಮರಳುವುದು 4,000 ಡಾಲರ್, ಉಳಿದ 17,600 ಅವರ ಕೈಯಿಂದಲೇ ಹೋಗುತ್ತದೆ. ಐದಾರು ಜನರ ವರ್ಕ್‌ಶಾಪಿಗೆ, ಬದಲಿ ಕೆಲಸಗಾರನ ಸಂಬಳವೂ ಸೇರಿದರೆ, ಇದು ಎತ್ತಲಾಗದ ಭಾರ. ದೇಶದ ರಕ್ಷಣೆಯ ವೆಚ್ಚವನ್ನು ಹೀಗೆ ಕರೆ ಬಂದ ಮನೆಯೋ ಆ ಮನೆಯವರ ಮಾಲೀಕರೋ ಹೊರಬೇಕೆನ್ನುವುದು ಈ ವ್ಯವಸ್ಥೆಯ ದೊಡ್ಡ ಕೊರತೆ.

ಚಿಕ್ಕ ಅವಧಿಯ ಕರೆಗಳಿಗೆ ಸಂಬಳ ಸಿಗುವ ಒಂದು ದಾರಿ ಇತ್ತೀಚೆಗೆ ನ್ಯಾಯಾಲಯಗಳಲ್ಲಿ ತೆರೆದಿದೆ. ಬೇರೆ ರಜೆಗಳಲ್ಲಿರುವವರಿಗೆ ಕೊಡುವ ಸೌಲಭ್ಯವನ್ನು ಸೇನಾರಜೆಯಲ್ಲಿರುವವರಿಗೂ ಕೊಡಬೇಕೆಂದು ಯೂಸೆರಾ ಹೇಳುತ್ತದೆ. ಹಾಗಾದರೆ ಜ್ಯೂರಿ ಕರ್ತವ್ಯಕ್ಕೆ, ಕಾಯಿಲೆ ರಜೆಗೆ ಸಂಬಳ ಕೊಡುವ ಕಂಪನಿ, ಅಷ್ಟೇ ಉದ್ದದ ಸೇನಾರಜೆಗೆ ಏಕೆ ಕೊಡಬಾರದು? 2021ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಮತ್ತು ಫೆಡೆಕ್ಸ್ ವಿರುದ್ಧದ ಪ್ರಕರಣಗಳಲ್ಲಿ ಎರಡು ಮೇಲ್ಮನವಿ ನ್ಯಾಯಾಲಯಗಳು, ಸಂಬಳ ಸಹಿತ ರಜೆಯೂ ಕಾಯ್ದೆ ಹೇಳುವ ಸೌಲಭ್ಯಗಳಲ್ಲಿ ಸೇರುತ್ತದೆ ಎಂದು, ವಜಾಗೊಂಡಿದ್ದ ದಾವೆಗಳಿಗೆ ಮರುಜೀವ ಕೊಟ್ಟವು. ಎರಡು ರಜೆಗಳು ಹೋಲುತ್ತವೆಯೇ ಎಂಬುದನ್ನು ಅವುಗಳ ಉದ್ದ, ಉದ್ದೇಶ, ಯಾವಾಗ ಹೋಗಬೇಕೆಂದು ಆರಿಸಿಕೊಳ್ಳುವ ಸ್ವಾತಂತ್ರ್ಯ ಇವುಗಳಿಂದ ಅಳೆಯಲಾಗುತ್ತದೆ.

ಕೇಂದ್ರ ಸರ್ಕಾರದ ನೌಕರರ ಸ್ಥಿತಿ ಉತ್ತಮ. ಅವರಿಗೆ ಪ್ರತಿ ವರ್ಷ ಒಂದಿಷ್ಟು ದಿನ ಸಂಬಳ ಸಹಿತ ಸೇನಾರಜೆ ಇದೆ, 2009ರಿಂದ ವ್ಯತ್ಯಾಸ ವೇತನವೂ ಕಾನೂನಿನ ಹಕ್ಕಾಗಿದೆ. ಆ ಹಕ್ಕಿನ ವ್ಯಾಪ್ತಿ ಎಷ್ಟು ಎಂಬ ತಕರಾರು ಫೆಲಿಸಿಯಾನೊ ಪ್ರಕರಣದಲ್ಲಿ ಎದ್ದಿತು. ವಿಮಾನ ಸಂಚಾರ ನಿಯಂತ್ರಕರಾಗಿದ್ದ ಅರ್ಜಿದಾರರು ಕರಾವಳಿ ರಕ್ಷಣಾ ಪಡೆಯ ಮೀಸಲು ಸಿಬ್ಬಂದಿಯಾಗಿ ಚಾರ್ಲ್‌ಸ್ಟನ್ ಬಂದರಿನಲ್ಲಿ ಸೇವೆ ಸಲ್ಲಿಸಿದ್ದರು. ಅವರ ಕೆಲಸಕ್ಕೂ ರಾಷ್ಟ್ರೀಯ ತುರ್ತು ಸ್ಥಿತಿಗೂ ನೇರ ಸಂಬಂಧ ತೋರಿಸಬೇಕು ಎಂಬುದು ಸರ್ಕಾರದ ವಾದ. ತುರ್ತು ಸ್ಥಿತಿ ಜಾರಿಯಲ್ಲಿರುವಾಗ ಸೇವೆ ಸಲ್ಲಿಸಿದ್ದರೆ ಸಾಕು ಎಂದು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ತೀರ್ಪಿತ್ತಿತು.

ಹಕ್ಕು ತಪ್ಪಿದಾಗ ಮೊದಲ ಮೆಟ್ಟಿಲು ಈಎಸ್‌ಜಿಆರ್ ಎಂಬ ರಕ್ಷಣಾ ಇಲಾಖೆಯ ಅಂಗ. 1972ರಲ್ಲಿ ಆರಂಭವಾದ ಇದರ ಸ್ವಯಂಸೇವಕರು ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ. ಕಾನೂನು ಗೊತ್ತಿಲ್ಲದೆ ಆದ ತಪ್ಪುಗಳು ಇಲ್ಲಿಯೇ ಸರಿಹೋಗಬಹುದು. ಬಗ್ಗದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು, ನೇರವಾಗಿ ಕೋರ್ಟಿಗೂ ಹೋಗಬಹುದು. ರಾಜ್ಯ ಸರ್ಕಾರಗಳೂ ಇದರಿಂದ ಹೊರತಲ್ಲ ಎಂದು 2022ರ ಟೊರೆಸ್ ಪ್ರಕರಣ ನಿರ್ಧರಿಸಿತು. ಇರಾಕ್‌ನಲ್ಲಿ ಸುಡುವ ಕಸದ ಗುಂಡಿಗಳ ಹೊಗೆಯಿಂದ ಶ್ವಾಸಕೋಶ ಕೆಟ್ಟು ಮರಳಿದ ಟೆಕ್ಸಾಸ್‌ನ ಪೊಲೀಸ್ ಅಧಿಕಾರಿ, ಮಾಡಬಲ್ಲ ಬೇರೆ ಕೆಲಸ ಕೇಳಿ ಹೂಡಿದ್ದ ದಾವೆ ಅದು.

ಭಾರವನ್ನು ಹಂಚುವ ದಾರಿ ಬೇರೆ ದೇಶಗಳಲ್ಲಿದೆ. ಸ್ವಿಟ್ಜರ್ಲೆಂಡ್‌ನಲ್ಲಿ ಎಲ್ಲ ನೌಕರರ ಮತ್ತು ಮಾಲೀಕರ ವಂತಿಗೆಯಿಂದ ಕಟ್ಟಿದ ನಿಧಿಯೊಂದು ಸೇನಾಸೇವೆಯ ದಿನಗಳಿಗೆ ಸಂಬಳದ ಶೇ. 80ರಷ್ಟನ್ನು, ನಿಗದಿತ ಮಿತಿಯೊಳಗೆ, ತುಂಬಿಕೊಡುತ್ತದೆ. ಇಸ್ರೇಲ್‌ನಲ್ಲಿ ಮಾಲೀಕರು ಸಂಬಳ ಕೊಟ್ಟು ರಾಷ್ಟ್ರೀಯ ವಿಮಾ ಸಂಸ್ಥೆಯಿಂದ ಹಣ ವಾಪಸು ಪಡೆಯುತ್ತಾರೆ. ಸಿಂಗಪುರದಲ್ಲೂ ಮಾಲೀಕರಿಗೆ ರಕ್ಷಣಾ ಸಚಿವಾಲಯ ಮರುಪಾವತಿ ಮಾಡುತ್ತದೆ. ಕಡ್ಡಾಯ ಸೈನಿಕ ಸೇವೆ ಇರುವ ಈ ದೇಶಗಳಲ್ಲಿ ಕರೆ ಬಹಳಷ್ಟು ಮನೆಗಳಿಗೆ ಬರುವುದರಿಂದ ವೆಚ್ಚವೂ ಎಲ್ಲರದಾಗಿದೆ.

ಭಾರತದಲ್ಲಿ ಇದಕ್ಕೆ ಹತ್ತಿರದ್ದು ಪ್ರಾದೇಶಿಕ ಸೇನೆ, ಜನರ ಬಾಯಲ್ಲಿ ಟೆರಿಟೋರಿಯಲ್ ಆರ್ಮಿ. ಉದ್ಯೋಗದಲ್ಲಿರುವವರೇ ವರ್ಷಕ್ಕೆ ಸುಮಾರು ಎರಡು ತಿಂಗಳು ತರಬೇತಿ ಪಡೆದು, ಕರೆ ಬಂದಾಗ ಹೊರಡುವ ಪಡೆ ಇದು. ಇದರ 106ನೇ ಕಾಲಾಳು ಬೆಟಾಲಿಯನ್‌ಗೆ ಬೆಂಗಳೂರು ನೆಲೆ. 2025ರ ಮೇ 6ರಂದು ಕೇಂದ್ರ ಸರ್ಕಾರ ಈ ಪಡೆಯನ್ನು ಕರೆಯುವ ಅಧಿಕಾರವನ್ನು ಭೂಸೇನೆಯ ಮುಖ್ಯಸ್ಥರಿಗೆ ಕೊಟ್ಟು ಅಧಿಸೂಚನೆ ಹೊರಡಿಸಿತ್ತು. 1948ರ ಪ್ರಾದೇಶಿಕ ಸೇನಾ ಕಾಯ್ದೆಯ 7ಎ ವಿಧಿ, ಸೇವೆಯಿಂದ ಮರಳಿದವರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಮಾಲೀಕರಿಗೆ ವಿಧಿಸುತ್ತದೆ. ಕೆಲಸದ ಷರತ್ತುಗಳು, ನಡುವೆ ಸೇವೆಗೆ ಹೋಗದಿದ್ದರೆ ಇರುತ್ತಿದ್ದಕ್ಕಿಂತ ಕಡಿಮೆಯಾಗಿರಬಾರದು. ಬ್ರೂಕ್ಲಿನ್ ವೆಲ್ಡರ್‌ನ ತೀರ್ಪು ಹೇಳಿದ್ದೂ ಇದನ್ನೇ. ಮಾಲೀಕರು ಒಪ್ಪದಿದ್ದರೆ ನಿಯೋಜಿತ ಅಧಿಕಾರಿಯ ಮುಂದೆ ಹೋಗಿ, ಮರುನೇಮಕದ ಆದೇಶವನ್ನೋ ಆರು ತಿಂಗಳ ವೇತನದವರೆಗಿನ ಪರಿಹಾರವನ್ನೋ ಪಡೆಯಬಹುದು. ಭವಿಷ್ಯ ನಿಧಿ, ಪಿಂಚಣಿಯ ಹಕ್ಕುಗಳನ್ನು ಕಾಯುವ ವಿಧಿಯೂ ಜೊತೆಗಿದೆ. ಕರೆಯ ಅವಧಿಯಲ್ಲಿ ಸೇನೆಯ ದರ್ಜೆಗೆ ತಕ್ಕ ವೇತನ ಸಿಗುತ್ತದೆ. ಊರಿನ ಸಂಬಳಕ್ಕೂ ಅದಕ್ಕೂ ನಡುವಿನ ಅಂತರವನ್ನು ಖಾಸಗಿ ಮಾಲೀಕರು ತುಂಬಿಕೊಡಬೇಕೆಂದು ಆ ವಿಧಿ ಹೇಳುವುದಿಲ್ಲ.