ಅಂಕಪಟ್ಟಿಯ ಒಂದಕ್ಷರ

ದೊಡ್ಡ ಪರೀಕ್ಷೆಗಳನ್ನೆಲ್ಲ ದಾಟಿ ಬಂದವನೂ ಒಮ್ಮೊಮ್ಮೆ ಒಂದಕ್ಷರದ ಮುಂದೆ ಎದೆಗುಂದಿ ನಿಲ್ಲುವುದುಂಟು. ಅಮೆರಿಕದಲ್ಲಿ ವೈದ್ಯ ವಿದ್ಯಾಲಯಕ್ಕೆ ಅರ್ಜಿ ಹಾಕುವ ವಿದ್ಯಾರ್ಥಿಯ ಪಾಡು ಇಂಥದು. ಮೊದಲು ಪದವಿ ಮುಗಿಸಿ ಆಮೇಲೆ ವೈದ್ಯಶಿಕ್ಷಣಕ್ಕೆ ಹೋಗುವುದು ಅಲ್ಲಿಯ ರೂಢಿ. 1876ರಲ್ಲಿ ಹುಟ್ಟಿದ ವೈದ್ಯ ಕಾಲೇಜುಗಳ ಸಂಘದ ಮೂಲಕವೇ ಬಹುಪಾಲು ಅರ್ಜಿಗಳು ಸಾಗುತ್ತವೆ. ಕಾಲೇಜಿನಲ್ಲಿ ಓದಿದ ಪ್ರತಿಯೊಂದು ವಿಷಯವನ್ನೂ ಅಂಕಪಟ್ಟಿಯಲ್ಲಿರುವಂತೆಯೇ ಅರ್ಜಿಯಲ್ಲಿ ಬರೆಯಬೇಕು. ಸಂಘದವರು ಎರಡನ್ನೂ ತಾಳೆ ನೋಡುತ್ತಾರೆ.

ಎಂದೋ ಜ್ವರದಿಂದಲೋ ಮನೆಯ ತಾಪತ್ರಯದಿಂದಲೋ ನಡುವೆ ಕೈಬಿಟ್ಟ ಒಂದು ವಿಷಯ. ಅದರ ಮುಂದೆ ‘ಡಬ್ಲ್ಯು’ ಎಂಬ ಗುರುತು. ಸಂಘದ ಲೆಕ್ಕದಲ್ಲಿ ಅದು ಸರಾಸರಿಯನ್ನು ಕೂದಲೆಳೆಯಷ್ಟೂ ತಗ್ಗಿಸದು. ಆದರೂ ನಡುರಾತ್ರಿಯಲ್ಲಿ ಆ ಸಾಸಿವೆ ಬೆಟ್ಟವಾಗುತ್ತದೆ. ‘ಬರೆಯದಿದ್ದರೆ ಯಾರಿಗೆ ತಿಳಿದೀತು?’ ಎಂದು ಮನಸ್ಸು ಪಿಸುಗುಟ್ಟುವುದೂ ಆಗಲೇ.

ಅಪಾಯವಿರುವುದು ಆ ಪಿಸುಮಾತಿನಲ್ಲಿ. ಬರೆದರೆ ಅದೊಂದು ಸಾಲು. ಮರೆಮಾಚಿದರೆ ನಡತೆಯ ಪ್ರಶ್ನೆ. ಬಿಟ್ಟದ್ದು, ತಪ್ಪಿದ್ದು, ಮತ್ತೆ ಓದಿದ್ದು ಎಲ್ಲವನ್ನೂ ಕಾಣಿಸಬೇಕೆಂದು ನಿಯಮವೇ ಇದೆ. ಮತ್ತೆ ಓದಿದ ವಿಷಯದ ಹಳೆಯ ಫಲವೂ ಹೊಸದರೊಡನೆ ಲೆಕ್ಕಕ್ಕೆ ಸೇರುತ್ತದೆ.

ನಾಳೆ ಇದೇ ಕೈ ರೋಗಿಗೆ ಔಷಧ ಬರೆಯಬೇಕು. ಅಲ್ಲಿ ದಶಾಂಶದ ಚುಕ್ಕೆಯೊಂದು ಒಂದು ಮನೆ ಸರಿದರೆ ಪ್ರಮಾಣ ಹತ್ತು ಮಡಿಯಾದೀತು. ತಪ್ಪಾಯಿತೆಂದು ತಿಳಿದಾಗ ಅದನ್ನು ಒಡನೆಯೇ ಒಪ್ಪಿಕೊಳ್ಳುವ ಧೈರ್ಯವೂ ಆಗ ಬೇಕಾದೀತು. ಆದುದರಿಂದ ಸಣ್ಣದಕ್ಕೆ ಅಳುಕುವ ವಿದ್ಯಾರ್ಥಿಯನ್ನು ನಗಬಾರದು. ಆ ಅಕ್ಷರವನ್ನು ಇದ್ದಂತೆಯೇ ಬರೆದು, ದೀಪ ಆರಿಸಿ ನಿದ್ರಿಸುವುದನ್ನು ಅವನಿಗೆ ಕಲಿಸಬೇಕು.